ಎಕ್ಸ್‌ಚೇಂಜ್ ಅಕ್ಕನ ಕಟ್ಟಿ

ಅವರ ಹೆಸರು ಬರೆಯುವುದಿಲ್ಲ. ಬರೆದರೂ ಕೊಟ್ಟೂರಿನ ಅರ್ಧ ಜನಕ್ಕೆ ಗೊತ್ತಾಗುವುದಿಲ್ಲ. ಊರಿಗೆಲ್ಲಾ ಅವರು ಎಕ್ಸ್‌ಚೇಂಜ್ ಅಕ್ಕ. ಮೊದಲು ಹರಪನಹಳ್ಳಿ, ಆಮೇಲೆ ಕೊಟ್ಟೂರು, ಎರಡೂ ಕಡೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಟ್ರಂಕ್ ಕಾಲ್ ಬುಕ್ ಮಾಡಿ ಫೋನಿನ ಪಕ್ಕ ಕೂತು ಕಾಯುತ್ತಿದ್ದರಲ್ಲ, ಆ ಕಾಲ. ಈ ಸೀಮೆಯ ಸಾವು, ಹೆರಿಗೆ, ಶೇಂಗಾದ ದರ ಎಲ್ಲವೂ ಅವರ ಕಿವಿಯ ಪಕ್ಕದಿಂದಲೇ ಹಾದು ಹೋಗಿವೆ. ಆಟೋಮ್ಯಾಟಿಕ್ ಎಕ್ಸ್‌ಚೇಂಜ್ ಬಂದ ಮೇಲೆ ಅವರನ್ನು ಬಿಲ್ ಕೌಂಟರಿನಲ್ಲಿ ಕೂರಿಸಿದರು. ಅಲ್ಲಿಂದಲೇ ರಿಟೈರ್ ಆದರು.

ಹೋದ ತಿಂಗಳು ತೀರಿಕೊಂಡರು. ಮಣ್ಣಿಗೆ ಹೋಗಿ ಬಂದವನು ಇದನ್ನು ಬರೆಯಲು ಮೂರು ಸಲ ಕೂತು ಮೂರು ಸಲ ಎದ್ದಿದ್ದೇನೆ. ನನಗೆ ಬರೆಯಲು ಬರುವುದಿಲ್ಲ, ಟೈಪ್ ಮಾಡಲು ಮಾತ್ರ ಬರುತ್ತದೆ. ಹಾಗಾಗಿ ಬಾಯಿಗೆ ಬಂದ ಹಾಗೆ ಟೈಪ್ ಮಾಡುತ್ತಿದ್ದೇನೆ.

ಮೊದಲು ಅವರ ಒಂದು ಅಭ್ಯಾಸ ಹೇಳಬೇಕು. ಇಬ್ಬರು ಸ್ವಲ್ಪ ದನಿ ತಗ್ಗಿಸಿ ಮಾತಾಡತೊಡಗಿದರೆ ಸಾಕು, ಅಕ್ಕ ಅಲ್ಲಿಂದ ಎದ್ದು ಹೋಗುತ್ತಿದ್ದರು. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ತಮ್ಮದೇ ಪಡಸಾಲೆಯಲ್ಲಿ ಕೂಡ. ಬಸ್ಸಿನಲ್ಲಿ ಸೀಟು ಬಿಟ್ಟು ಎದ್ದು ನಿಂತಿದ್ದನ್ನು ನಾನೇ ನೋಡಿದ್ದೇನೆ. ಟಿವಿ ಧಾರಾವಾಹಿಯಲ್ಲಿ ಅತ್ತೆ ಬಾಗಿಲು ಹಾಕಿಕೊಂಡು ಮಗನ ಕಿವಿಯಲ್ಲಿ ಏನೋ ಊದುವಾಗ ದನಿ ಕಮ್ಮಿ ಮಾಡಿಬಿಡುತ್ತಿದ್ದರು.

"ಅಕ್ಕಾರ, ಅದನ್ನ ಕೇಳ್ಸಾಕ ಅಂತನ ಅಲ್ಲೇನ್ರಿ ಧಾರಾವಾಹಿ ಮಾಡಿರೋದು?"

"ಮಾಡಿದ್ರ ಮಾಡ್ಲಿ ಬಿಡು. ಅವ್ರ ಮನಿ ಮಾತು ನನಗ್ಯಾಕ ಬೇಕು?"

ನಾನು ಆಗ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕಂಪ್ಯೂಟರ್ ಸೆಂಟರಿನಲ್ಲಿದ್ದೆ. ಬೆಳಿಗ್ಗೆ ಹುಡುಗ ಹುಡುಗಿಯರಿಗೆ ಕಂಪ್ಯೂಟರ್ ಕಲಿಸುವುದು, ಮಧ್ಯಾಹ್ನದಿಂದ ಡಿಟಿಪಿ. ನನಗೆ ಯಾರೂ ಕಲಿಸಿದವರಿಲ್ಲ. ಪಿಯುಸಿ ಅರ್ಧಕ್ಕೆ ಬಿಟ್ಟು, ಮ್ಯಾಗಜಿನ್ ಜೊತೆ ಬರುವ ಸಿಡಿ ಹಾಕಿ, ಕೆಡಿಸಿ, ಮತ್ತೆ ಸರಿ ಮಾಡಿ ಕಲಿತದ್ದು. ಹಾಗೆ ಕಲಿತವರಿಗೆ ಇರುವ ಸೊಕ್ಕು ನನಗೆ ಬೇಕಾದಷ್ಟಿತ್ತು.

ಒಂದು ದಿನ ಅಕ್ಕ ಸೆಂಟರಿಗೆ ಬಂದರು. ಹಣೆ ತುಂಬಾ ವಿಭೂತಿ, ಕೈಯಲ್ಲಿ ಚೀಲ. ಇಂಟರ್ನೆಟ್ ನೋಡಬೇಕು ಅಂದರು. ನಾನು ಒಂದು ದೊಡ್ಡ ಕಂಪನಿಯ ಚಾಟ್ ತೆಗೆದು, ಕೂಡ್ಲಿಗಿಯ ಸೆಂಟರಿನಲ್ಲಿದ್ದ ನನ್ನ ಗೆಳೆಯನಿಗೆ "ಊಟ ಆತಾ" ಅಂತ ಹೊಡೆದೆ. ಅವನು ಕೂಡಲೇ "ಆತು" ಅಂದ. ಅಕ್ಕ ಕಣ್ಣರಳಿಸುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದೇ ಬೇರೆ.

"ಇದು ಯಾವ ದಾರೀಲಿ ಹೋತು ತಮ್ಮಾ?"

"ಅಮೇರಿಕಾಕ್ಕ ಹೋಗಿ ಬರ್ತೈತ್ರಿ," ಅಂದೆ, ನಾನೇ ಹೋಗಿ ಬಂದವನ ಹಾಗೆ.

"ಇಲ್ಲೇ ಕೂಡ್ಲಿಗಿಗೆ ಹೋಗಾಕ ಅಮೇರಿಕಾ ಯಾಕ? ನಡುವ ಯಾರು ಕುಂತಾರ?"

"ಕಂಪ್ನಿ ಐತ್ರಿ."

"ಅವ್ರು ಕೀ ನೆಟ್ಟಗ ಬಿಟ್ಟಾರೇನು?"

ನನಗೆ ತಿಳಿಯಲಿಲ್ಲ. ಅವರೇ ಬಿಡಿಸಿ ಹೇಳಿದರು. ಹಳೆಯ ಬೋರ್ಡಿನ ಮೇಲೆ ಪ್ರತಿ ಲೈನಿಗೂ ಒಂದು ಸಣ್ಣ ಕೀ ಇರುತ್ತಿತ್ತಂತೆ. ಅದನ್ನು ಬಗ್ಗಿಸಿದರೆ ಇಬ್ಬರ ಮಾತೂ ಆಪರೇಟರಿಗೆ ಕೇಳಿಸುತ್ತದೆ. ಲೈನ್ ಕೂಡಿಸಿದ ಮೇಲೆ ಅದನ್ನು ನೆಟ್ಟಗೆ ಬಿಟ್ಟು ಕಿವಿ ಹೊರಗೆ ತೆಗೆಯಬೇಕು. ಅದು ನಿಯಮ. "ನಾವು ಬಿಡ್ತಿದ್ದಿಲ್ಲ," ಅಂದರು. "ಯಾರೂ ಬಿಡ್ತಿದ್ದಿಲ್ಲ. ಹೊತ್ತು ಹೋಗಬೇಕಲ್ಲ."

ಆಮೇಲೆ ಯಾವಾಗಲೋ ಇನ್ನೊಂದು ಹೇಳಿದರು. ಹರಪನಹಳ್ಳಿಯಲ್ಲಿದ್ದಾಗ ದಾವಣಗೆರೆಯಿಂದ ಒಂದು ಕಾಲ್ ಬಂತಂತೆ. ಆಸ್ಪತ್ರೆಯಲ್ಲಿದ್ದ ಮಗ ಹರಪನಹಳ್ಳಿ ಪಕ್ಕದ ಅರಸೀಕೆರೆಯ ಅಣ್ಣನಿಗೆ ಹೇಳುತ್ತಿದ್ದ: ಅವ್ವನ ಜಡ್ಡು ವಾಸಿ ಆಗುವುದಲ್ಲ, ಆಕೆಗೆ ಮಾತ್ರ ಗೊತ್ತಾಗಬಾರದು, ಮನೆಗೆ ಕರೆತರುತ್ತೇನೆ. ಹತ್ತು ದಿನ ಬಿಟ್ಟು ಅದೇ ಮುದುಕಿ ಸಂತೆಯಲ್ಲಿ ಸಿಕ್ಕಳು. ಅಕ್ಕ ಕೈ ಹಿಡಿದು, "ಎಲ್ಲಾ ಆತನ ಇಚ್ಛಾ ಯವ್ವಾ, ಧೈರ್ಯ ಬಿಡಬ್ಯಾಡ" ಅಂದುಬಿಟ್ಟರು.

"ಸಮಾಧಾನ ಹೇಳಾಕ ಹೋಗಿದ್ದೆ ತಮ್ಮಾ. ಆಕಿ ನನ್ ಮುಖ ನೋಡಿದ್ಲು ನೋಡು... ಮನಿಗೆ ಹೋಗಿ ಊಟ ಬಿಟ್ಲು. ಮಕ್ಳು ಸುಳ್ಳು ಹೇಳಿ ಇನ್ನೊಂದು ವರ್ಷ ನಗ್ಸಿ ಇಟ್ಕೋತಿದ್ರು ಆಕಿನ್ನ."

ಅವತ್ತಿನಿಂದ ಕೀ ನೆಟ್ಟಗೆ.

ಅಮೇರಿಕಾದ ಸುದ್ದಿ ಅವರ ತಲೆಯಿಂದ ಹೋಗಲೇ ಇಲ್ಲ. ವಾರಕ್ಕೆರಡು ಸಲ ಬಂದು ಕೇಳೋರು, "ನಡುವ ನಾವ ಕುಂದ್ರಾಕ ಬರಂಗಿಲ್ಲೇನು?" ಬರುತ್ತದೆ ಅಂತ ನನಗೆ ಗೊತ್ತಿತ್ತು. ಸಿಡಿಯಲ್ಲಿ ಲಿನಕ್ಸ್ ಇತ್ತು, ಅದರ ಜೊತೆ ಚಾಟ್ ಸರ್ವರ್ ಕೂಡ. ಯಾರು ಬೇಕಾದರೂ ಒಳಗೆ ಏನಿದೆ ಅಂತ ತೆರೆದು ನೋಡಬಹುದು, ತಮ್ಮ ಮನೆಯಲ್ಲೇ ನಡೆಸಬಹುದು, ಯಾರ ಅಪ್ಪಣೆಯೂ ಬೇಡ. ಕೊಟ್ಟೂರಿಗೆ ಬ್ರಾಡ್‌ಬ್ಯಾಂಡ್ ಬಂದಾಗ ಅಕ್ಕ ಮೊದಲೇ ಅರ್ಜಿ ಹಾಕಿ ತಗೊಂಡರು. ಸೆಂಟರಿನಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಕಂಪ್ಯೂಟರನ್ನು ನಾನು ಸೈಕಲ್ ಮೇಲೆ ಹೊತ್ತೊಯ್ದು ಅವರ ಪಡಸಾಲೆಯಲ್ಲಿ, ದೇವರ ಜಗಲಿಯ ಎದುರಿಗೆ ಇಟ್ಟೆ. ಆ ಚಾಟ್ ಕೋಣೆಗೆ ಅವರೇ ಕಟ್ಟಿ ಅಂತ ಹೆಸರಿಟ್ಟರು. ಸಂಜೆ ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಹರಟುವುದಿಲ್ಲವೇ, ಅದೇ.

ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ನಾಲ್ಕು ಊರಲ್ಲಿ ನನಗೆ ಗುರುತಿದ್ದ ಸೆಂಟರುಗಳಿದ್ದವು. ಅಲ್ಲೆಲ್ಲಾ ಕಟ್ಟಿ ಹಾಕಿಸಿದೆವು. ಸರಿ, ಆದರೆ ಕರೆಂಟ್ ಹೋಗಿ ಬಂದಾಗೆಲ್ಲ ನಮ್ಮ ಕನೆಕ್ಷನ್ನಿನ ನಂಬರ್, ಅಂದರೆ ಇಂಟರ್ನೆಟ್ಟಿನಲ್ಲಿ ನಮ್ಮ ಮಿಷಿನ್ನಿನ ವಿಳಾಸ, ಬದಲಾಗುತ್ತಿತ್ತು. ಹೊಸ ನಂಬರ್ ಗೊತ್ತಿಲ್ಲದಿದ್ದರೆ ಯಾರೂ ಕಟ್ಟಿಗೆ ಬರುವ ಹಾಗಿಲ್ಲ. ಕರೆಂಟ್ ದಿನಕ್ಕೆ ನಾಲ್ಕು ಸಲ ಹೋಗುತ್ತಿತ್ತು. ಅಕ್ಕ ನಾಲ್ಕೂ ಸಲ ಫೋನ್ ಎತ್ತುತ್ತಿದ್ದರು.

"ಹಲೋ ಹಡಗಲಿ? ಕೊಟ್ಟೂರು ಮಾತಾಡ್ತೈತಿ. ಬರ್ಕೊಳ್ರಿ. ಐವತ್ತೊಂಬತ್ತು. ಚುಕ್ಕಿ. ತೊಂಬತ್ತೆರಡು. ಚುಕ್ಕಿ..." ಪೂರ್ತಿ ಹೇಳಿ, "ತಿರುಗಿ ಓದ್ರಿ," ಅನ್ನುತ್ತಿದ್ದರು. ಓದಿಸದೆ ಇಡುತ್ತಿರಲಿಲ್ಲ. ಆಮೇಲೆ "ಹಲೋ ಕೂಡ್ಲಿಗಿ?" ಆ ದನಿ ಬರುವಾಗ ಅವರ ಬೆನ್ನು ನೆಟ್ಟಗಾಗುತ್ತಿತ್ತು. ಬಿಲ್ ಕೌಂಟರಿನಲ್ಲಿ ಅವರು ಕಳೆದುಕೊಂಡದ್ದೇನು ಅಂತ ನನಗೆ ಗೊತ್ತಾದದ್ದು ಆಗ.

ಈ ನಂಬರಿನ ಕೆಲಸವನ್ನು ತಾನೇ ಮಾಡುವ ಒಂದು ಸೈಟ್ ಇದೆ ಅಂತ ಹೇಳಿ ನೋಡಿದೆ.

"ಅದು ಯಾರ್ದು?"

"ಹೊರಗಿನವ್ರದ್ರಿ."

"ಅಂದ್ರ ನಮ್ ಕಟ್ಟಿಗೆ ಬರೋರು ಮೊದ್ಲು ಅವ್ರ ಬಾಗ್ಲಿಗೆ ಹೋಗಿ ಕೇಳ್ಕೊಂಡು ಬರಬೇಕು. ಬ್ಯಾಡ. ನನ್ ಬಾಯಿ ಇನ್ನೂ ಗಟ್ಟಿ ಐತಿ."

ಕಟ್ಟಿಗೆ ಹೆಚ್ಚಾಗಿ ಬರುತ್ತಿದ್ದವರು ಟೈಪಿಂಗ್ ಕಲಿಯುವ ಹುಡುಗಿಯರು. ಕಂಪನಿಯ ಚಾಟ್‌ಗಳಲ್ಲಿ ಯಾರು ಯಾರೋ ಬರುತ್ತಾರೆ ಅಂತ ಮನೆಯವರು ಹೆದರುತ್ತಿದ್ದರು. ಎಕ್ಸ್‌ಚೇಂಜ್ ಅಕ್ಕನ ಮನೆಯ ಮಿಷಿನ್ ಅಂದರೆ ಅವರ ಪಡಸಾಲೆಯಲ್ಲಿ ಕೂತ ಹಾಗೆ, ಹೋಗಲಿ ಬಿಡು ಅನ್ನುತ್ತಿದ್ದರು. ಹೊಸದಾಗಿ ಬಂದ ಪ್ರತಿಯೊಬ್ಬರ ಜೊತೆ ಅಕ್ಕ ಒಂದು ಸಲ ಫೋನಿನಲ್ಲಿ ಮಾತಾಡಿ ಹೇಳುತ್ತಿದ್ದರು: "ಇಲ್ಲಿ ಬರ್ದಿದ್ದು ಯಾವ್ದೂ ಉಳಿಯಂಗಿಲ್ಲವ್ವಾ. ನಾ ಓದಂಗಿಲ್ಲ, ಮಿಷಿನ್ ಇಟ್ಕೊಳಂಗಿಲ್ಲ. ಇದು ನನ್ ಮಾತು."

ಕಟ್ಟಿಯಲ್ಲಿ ಎಲ್ಲರಿಗೂ ಒಂದೊಂದು ಅಡ್ಡಹೆಸರು. ಹಡಗಲಿಯ ಹೂವಿನ ವ್ಯಾಪಾರದವನು ಮಲ್ಲಿಗಿ. ಕೋಗಳಿಯಿಂದ ಬಸ್ಸಿನಲ್ಲಿ ಹಗರಿಬೊಮ್ಮನಹಳ್ಳಿಗೆ ಟೈಪಿಂಗಿಗೆ ಬರುತ್ತಿದ್ದ, ಕುರಿ ಸಾಕುವ ಮನೆಯ ಹುಡುಗಿ ನವಣಿ. ನವಣಿ ಬಂದಳೆಂದರೆ ಕಟ್ಟಿ ತುಂಬಿದ ಹಾಗೆ. ಮಲ್ಲಿಗಿಯ ಕಾಲೆಳೆಯುವುದೇ ಅವಳ ಕೆಲಸ. "ಏ ಮಲ್ಲಿಗಿ, ನೀ ಬರೆಯೋದ ನೋಡಿದ್ರ ನಮ್ ಟಗರು ಚಲೋ ಟೈಪ್ ಮಾಡ್ತೈತಿ ನೋಡು." ಅಕ್ಕನ ಜೊತೆ ಅವಳ ಮಾತು ಕಟ್ಟಿಯಲ್ಲಲ್ಲ, ಫೋನಿನಲ್ಲಿ. ಅವ್ವ ಇಲ್ಲದ ಹುಡುಗಿ. ಅಕ್ಕ ಅವಳ ಫೋನ್ ಬಂದರೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ನಾನು ಹೊರಗೆ.

ಇನ್ನು ನನ್ನ ವಿಷಯ. ಮೂರು ಸಲ ಎದ್ದು ಹೋದದ್ದು ಇಲ್ಲಿಗೆ ಬಂದಾಗಲೇ.

ಆಗ ಕನ್ನಡ ಅಕ್ಷರ ಒಂದು ಊರಲ್ಲಿ ಸರಿಯಾಗಿ ಕಾಣಿಸಿದರೆ ಇನ್ನೊಂದು ಊರಲ್ಲಿ ಒಡೆದು ಚೆಲ್ಲಾಪಿಲ್ಲಿ ಆಗುತ್ತಿತ್ತು. ಎಲ್ಲಿ ಕೆಡುತ್ತಿದೆ ಅಂತ ಹಿಡಿಯಬೇಕು ಅಂತ ನನಗೆ ಹುಚ್ಚು. ಅದಕ್ಕೆ ಸರ್ವರಿನಲ್ಲಿ, ಬಂದ ಪ್ರತಿ ಮಾತನ್ನೂ ಫೈಲಿಗೆ ಬರೆದಿಡುವ ಒಂದು ಸಾಲಿನ ಆದೇಶವನ್ನು ಚಾಲೂ ಮಾಡಿದೆ. ಅಕ್ಕನಿಗೆ ಹೇಳಲಿಲ್ಲ. ಎರಡು ದಿನದ ಕೆಲಸ, ಹಿಡಿದು ತೆಗೆದುಬಿಡುತ್ತೇನೆ ಅಂದುಕೊಂಡೆ. ದೋಷ ಸಿಕ್ಕಿತು. ಸರಿ ಮಾಡಿದೆ. ಖುಷಿಗೆ ಕುಣಿದಾಡಿದೆ. ಆ ಸಾಲು ತೆಗೆಯುವುದು ಮರೆತೆ.

ಅಷ್ಟೇ ಆಗಿದ್ದರೂ ನಡೆಯುತ್ತಿತ್ತೇನೋ. ಅಕ್ಷರ ಕಾಗದದ ಮೇಲೆ ಸರಿ ಬರುತ್ತದೋ ಇಲ್ಲವೋ ನೋಡೋಣ ಅಂತ ಫೈಲನ್ನು ಸೆಂಟರಿಗೆ ತಂದು ಮೂರು ಹಾಳೆ ಪ್ರಿಂಟ್ ತೆಗೆದೆ. ಒತ್ತಕ್ಷರ ಮಾತ್ರ ನೋಡಿದೆ. ಏನು ಬರೆದಿದೆ ಅಂತ ಓದಲೂ ಇಲ್ಲ, ದೇವರಾಣೆ. ನಮ್ಮ ಕಡೆಯ ಡಿಟಿಪಿ ಅಂಗಡಿಗಳಲ್ಲಿ ಒಂದು ಬದಿ ಖಾಲಿ ಇರುವ ಹಾಳೆಯನ್ನು ಯಾರೂ ಎಸೆಯುವುದಿಲ್ಲ. ರಟ್ಟಿನ ಡಬ್ಬಿಯಲ್ಲಿ ಹಾಕಿಟ್ಟು, ಲಗ್ನಪತ್ರಿಕೆಗೋ ಪಾಂಪ್ಲೆಟ್ಟಿಗೋ ಮೊದಲ ಪ್ರೂಫ್ ತೆಗೆಯುವುದು ಅದರ ಹಿಂಬದಿಯಲ್ಲೇ. ಆ ಮೂರು ಹಾಳೆಯನ್ನೂ ಕೈ ತಾನಾಗಿ ಡಬ್ಬಿಗೆ ಹಾಕಿತು.

ಕೋಗಳಿಯ ಒಬ್ಬರು ಗೃಹಪ್ರವೇಶದ ಪತ್ರಿಕೆ ಮಾಡಿಸಲು ಬಂದಿದ್ದರು. ಡಬ್ಬಿಯ ಹಾಳೆಯಲ್ಲೇ ಪ್ರೂಫ್ ತೆಗೆದು ಕೊಟ್ಟೆ. ಹಿರಿಯರಿಗೆ ತೋರಿಸಿ ತಿದ್ದಿಕೊಂಡು ಬರುತ್ತೇನೆ ಅಂತ ಮಡಚಿ ಜೇಬಿನಲ್ಲಿಟ್ಟುಕೊಂಡು ಹೋದರು. ಆ ಹಾಳೆ ಊರಲ್ಲಿ ಕೈಯಿಂದ ಕೈಗೆ ಹೋಯಿತು. ಹಿಂಬದಿಯಲ್ಲಿ ನವಣಿ ಇದ್ದಳು. "ನನಗ ಸೋದರಮಾವನ್ನ ಮದ್ವಿ ಆಗಾಕ ಮನಸಿಲ್ಲ. ಬಳ್ಳಾರಿಗೆ ನರ್ಸಿಂಗಿಗೆ ಅರ್ಜಿ ಹಾಕೀನಿ, ಮನ್ಯಾಗ ಗೊತ್ತಿಲ್ಲ. ಸೀಟು ಬಂದ ಮ್ಯಾಲ ಅಪ್ಪಗ ಹೇಳ್ತೀನಿ." ಕೋಗಳಿಯಿಂದ ಟೈಪಿಂಗಿಗೆ ಹೋಗುತ್ತಿದ್ದವಳು ಒಬ್ಬಳೇ. ಹೆಸರು ಏನಿದ್ದರೇನು.

ಅವಳ ಅಪ್ಪ ಅಕ್ಕನ ಮನೆಗೆ ಬಂದಾಗ ನಾನು ಅಲ್ಲೇ ಇದ್ದೆ, ಕಂಪ್ಯೂಟರ್ ಮುಂದೆ. ಕೂಗಾಡುತ್ತಾನೆ ಅಂದುಕೊಂಡೆ. ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡು ನಿಂತೇ ಇದ್ದ. ಹಾಳೆಯನ್ನು ಅಕ್ಕನ ಕೈಗೆ ಕೊಟ್ಟ.

"ನಿನ್ನ ಮನಿ ಅಂತ ಕಳ್ಸಿದ್ದೆ ಯಕ್ಕಾ."

ಅಕ್ಕ ಒಂದು ಬದಿ ನೋಡಿದರು, ತಿರುವಿ ಇನ್ನೊಂದು ಬದಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅಷ್ಟರಲ್ಲೇ ಅವರಿಗೆ ಎಲ್ಲಾ ಗೊತ್ತಾಯಿತು.

"ಮಗಳು ನನಗ ಹೇಳಲಾರದ್ದು ನಿನ್ನ ಮಿಷಿನ್ಯಾಗ ಹೇಳ್ಯಾಳ," ಅಂದ ಅವನು. "ಹೇಳ್ಲಿ. ನೀ ಅದನ್ನ ಊರಿಗೆ ಯಾಕ ಹೇಳ್ದಿ? ಸೀಟು ಬಂದ ಮ್ಯಾಲ ಆಕಿನ ಬಂದು ಕಾಲು ಹಿಡಿದಿದ್ರ ಕೇಳ್ತಿದ್ನೋ ಏನೋ. ಈಗ ಆಕಿ ಮಾವನ ಕಡ್ಯಾರು ಹತ್ತು ಜನ ಬಂದು ನಮ್ ಮನಿ ಕಟ್ಟಿ ಮ್ಯಾಲ ಕುಂತಾರ. ನನ್ ಕೈಯಾಗ ಏನೂ ಉಳೀಲಿಲ್ಲ."

ನಾನು ಬಾಯಿ ತೆರೆಯಬೇಕಿತ್ತು. ಮೂರು ಶಬ್ದ. ಅಕ್ಕಂದಲ್ಲ, ನಾನು ಮಾಡಿದ್ದು. ಕೀಬೋರ್ಡ್ ನೋಡುತ್ತಾ ಕೂತೆ. ಅಕ್ಕ ಸ್ವಲ್ಪ ಹೊತ್ತು ಕಾದರು. ಈಗ ಅನ್ನಿಸುತ್ತದೆ, ನನಗಾಗಿಯೇ ಕಾದರು.

"ನನ್ ತಪ್ಪು ತಮ್ಮಾ," ಅಂತ ಅವನಿಗೆ ಅಂದರು. "ನಾನ ಮಾಡಿದ್ದು. ಬೈಯಿ."

ಅವನು ಬೈಯಲಿಲ್ಲ. ಹಾಳೆಯನ್ನು ಬಿಟ್ಟು ಹೋದ.

ನನಗೆ ಅಕ್ಕ ಕೇಳಿದ್ದು ಒಂದೇ ಮಾತು: "ಎಷ್ಟು ದಿನದ್ದು ಬರ್ದಿಟ್ಟೈತಿ?" ಇಪ್ಪತ್ತೆರಡು ದಿನ, ಪ್ರಿಂಟ್ ತೆಗೆದದ್ದು ಮೂರು ಹಾಳೆ ಅಂದೆ. ಎಲ್ಲಾ ಅಳಿಸಲು ಹೇಳಿದರು. ಅಳಿಸಿದ್ದನ್ನು ಪಕ್ಕದಲ್ಲಿ ನಿಂತು ನೋಡಿದರು. ಆಮೇಲೆ ಫೋನ್ ಎತ್ತಿದರು.

"ಹಲೋ ಕೂಡ್ಲಿಗಿ? ಕೊಟ್ಟೂರು ಮಾತಾಡ್ತೈತಿ. ಕಟ್ಯಾಗ ಬರ್ದಿದ್ದು ಇಪ್ಪತ್ತೆರಡು ದಿನದ್ದು ಮಿಷಿನ್ ಇಟ್ಕೊಂಡಿತ್ತು. ಒಂದು ಹಾಳಿ ಹೊರಗ ಹೋಗೈತಿ. ಉಳಿದ ಹಾಳಿ ಹುಡುಕಿ ಹರೀತೀವಿ. ತಪ್ಪು ನಂದು. ಎಲ್ಲಾರಿಗೂ ತಿಳ್ಸ್ರಿ. ತಿರುಗಿ ಹೇಳ್ರಿ."

ನಾಲ್ಕೂ ಊರಿನಿಂದ ತಿರುಗಿ ಹೇಳಿಸಿದರು. ತಮ್ಮ ತಪ್ಪನ್ನು ನಾಲ್ಕು ಜನರ ಬಾಯಿಂದ ಕೇಳಿಸಿಕೊಂಡರು. ನಾನು ಗೋಡೆಗೆ ಒರಗಿ ಕೂತಿದ್ದೆ.

"ನನ್ ಹೆಸ್ರು ಯಾಕ ಹೇಳ್ಲಿಲ್ರಿ?" ಅಂದೆ ಕೊನೆಗೆ.

"ನಡುವ ಕುಂತಾಕಿ ನಾನು. ಮಾತು ಕೊಟ್ಟಾಕಿ ನಾನು." ರಿಸೀವರ್ ಇಟ್ಟು, ಸೆರಗಿನಿಂದ ಅದನ್ನು ಒರೆಸಿದರು. "ನಿನ್ ಹೆಸ್ರು ಹೇಳಾಕ ನಿನಗೂ ಬಾಯಿ ಐತಲ್ಲ."

ಮತ್ತೆಂದೂ ಆ ಮಾತು ಎತ್ತಲಿಲ್ಲ. ಮಂಡಕ್ಕಿ, ಚಹಾ ಕೊಡುವುದು ನಿಲ್ಲಿಸಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು.

ಎರಡು ತಿಂಗಳಲ್ಲಿ ನವಣಿಯ ಮದುವೆ ಆಯಿತು, ಸೋದರಮಾವನ ಜೊತೆಯೇ. ಅವನ ಮನೆ ಕೊಟ್ಟೂರಿನಲ್ಲೇ, ಅಕ್ಕನ ಓಣಿಯ ಆಚೆ ತುದಿಯಲ್ಲಿ. ಕಟ್ಟಿ ಖಾಲಿಯಾಯಿತು. ಹುಡುಗಿಯರೆಲ್ಲಾ ಬಿಟ್ಟರು, ಕೆಲವರ ಟೈಪಿಂಗೂ ನಿಂತಿತು. ಉಳಿದವರು ಕಂಪನಿಯ ಚಾಟ್‌ಗೆ ಹೋದರು. ಮಲ್ಲಿಗಿಯನ್ನು ಹಡಗಲಿಯಲ್ಲಿ ಹಿಡಿದು ಕೇಳಿದೆ: "ಅಲ್ಲಿ ಎಲ್ಲಾನೂ ಬರ್ದಿಟ್ಕೋತಾರಲೇ, ಗೊತ್ತಿಲ್ಲೇನು?"

"ಅಮೇರಿಕಾದವ್ರು ಓದಿದ್ರ ಓದ್ಲಿ ಬಿಡಪ," ಅಂದ. "ಅವ್ರೇನು ನಮ್ ಬೀಗರಾ?"

ಸರ್ವರ್ ನಮ್ಮದೇ, ತಂತ್ರಾಂಶ ತೆರೆದಿದ್ದೇ, ನಡುವೆ ಕೂತವರು ದೇವರಂಥವರೇ. ಇಷ್ಟೆಲ್ಲಾ ಇದ್ದೂ ನನ್ನಂಥವನೊಬ್ಬ ಅವರ ಬೆನ್ನ ಹಿಂದೆ ಒಂದು ಸಾಲು ಬರೆದರೆ ಸಾಕು.

ಅಕ್ಕ ಕಂಪ್ಯೂಟರ್ ಆರಿಸಲಿಲ್ಲ. ಯಾರೂ ಬಾರದ ಕಟ್ಟಿಯ ನಂಬರನ್ನು ಮತ್ತೆ ಕೆಲವು ತಿಂಗಳು ನಾಲ್ಕೂ ಊರಿಗೆ ಓದುತ್ತಿದ್ದರು. ಸೆಂಟರಿನವರು ಬೇಜಾರಿಲ್ಲದೆ ತಿರುಗಿ ಓದುತ್ತಿದ್ದರು, ಅಕ್ಕನ ಮೇಲಿನ ಮರ್ಯಾದೆಗೆ. ಒಂದು ಬೇಸಿಗೆಯಲ್ಲಿ ಹಾರ್ಡ್ ಡಿಸ್ಕ್ ಹೋಯಿತು. ಹೊಸದು ಹಾಕುತ್ತೇನೆ ಅಂದೆ. "ಸಾಕು ಬಿಡು ತಮ್ಮಾ," ಅಂದರು.

ತೀರಿಕೊಂಡ ದಿನ ಪಡಸಾಲೆಯಲ್ಲಿ ಅವರನ್ನು ಪದ್ಧತಿಯಂತೆ ಕೂರಿಸಿದ್ದರು. ವಿಭೂತಿ, ಹೂವು. ಒಳಗೆ ಭಜನೆ. ನಾನು ಹೊರಗೆ ಚಪ್ಪಲಿಗಳ ಹತ್ತಿರ ನಿಂತಿದ್ದೆ. ಓಣಿಯ ಆಚೆ ಬದಿಯ ಗೋಡೆಗೆ ಒರಗಿ ನವಣಿ ನಿಂತಿದ್ದಳು, ಸೊಂಟದ ಮೇಲೆ ವರ್ಷದ ಹೆಣ್ಣುಮಗು. ಒಳಗೆ ಹೋಗುತ್ತಿಲ್ಲ, ವಾಪಸ್ಸೂ ಹೋಗುತ್ತಿಲ್ಲ. ನಾನೇ ಹೋದೆ.

"ಒಳಗ ಬರಂಗಿಲ್ಲೇನು?"

"ಹ್ಯಾಂಗ ಬರ್ಲಣ್ಣಾ. ಅವ್ವ ಅಂತ ನಂಬಿದ್ದೆ. ಹಂಗ ಯಾಕ ಮಾಡಿದ್ರು ಅಂತ ಕೇಳಬೇಕಿತ್ತು. ಕೇಳಾಕಾಗ್ಲಿಲ್ಲ, ಅವ್ರ ಹೋದ್ರು."

ಆಗ ಹೇಳಿದೆ. ಅಕ್ಷರ ಒಡೆಯುತ್ತಿದ್ದದ್ದು, ಆ ಸಾಲು, ಮೂರು ಹಾಳೆ, ರಟ್ಟಿನ ಡಬ್ಬಿ. ಅಕ್ಕನಿಗೆ ಗೊತ್ತೇ ಇರಲಿಲ್ಲ ಅನ್ನುವುದು. ನಾನು ಸುಮ್ಮನೆ ಕೂತಿದ್ದದ್ದು. ಎರಡು ವರ್ಷ ಒಳಗಿದ್ದದ್ದು ಹೊರಗೆ ಬರಲು ಎರಡು ನಿಮಿಷ ಕೂಡ ಬೇಕಾಗಲಿಲ್ಲ.

ಅವಳು ಹೊಡೆದಿದ್ದರೆ ಚೆನ್ನಾಗಿತ್ತು.

"ದಿನಾ ಈ ಓಣ್ಯಾಗ ಹಾದು ಹೋಗೀನಿ," ಅಂದಳು. "ಬಾಗಲ್ದಾಗ ನಿಂತಿರೋರು. 'ಆರಾಮ ಅದಿಯೇನವ್ವಾ' ಅಂತಿದ್ರು. ಒಂದಿನಾನೂ ತಿರುಗಿ ನೋಡ್ಲಿಲ್ಲ ನಾನು. ಈಕಿ ಹುಟ್ಟಿದಾಗ ಕುಲಾವಿ ಹೊಲಿದು ಕಳ್ಸಿದ್ರು. ವಾಪಸ್ ಕಳ್ಸಿದೆ. ಒಮ್ಮಿ ಅವ್ರ ಬಾಗ್ಲ ಮುಂದ ಉಗುಳಿ ಹೋಗೀನಣ್ಣಾ." ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು. "ಸಿಟ್ಟು ನಿನ್ ಮ್ಯಾಲ ಮಾಡ್ಬೇಕು ಅಂತ ನೀ ಒಂದು ಮಾತು ಹೇಳಿದ್ರ ಸಾಕಿತ್ತಲ್ಲೋ. ಅಕ್ಕನ್ನ ನನಗ ಉಳಿಸ್ತಿದ್ದಿ."

ಒಳಗೆ ಯಾರೋ, "ಹೊತ್ತಾತು, ಎತ್ರಿ ಇನ್ನ," ಅಂದರು.

ನವಣಿ ಆಚೀಚೆ ನೋಡಿದಳು. ಬೇರೆ ಯಾರೂ ಹತ್ತಿರ ಇರಲಿಲ್ಲ. ಮಗುವನ್ನು ನನ್ನ ಕೈಗೆ ಕೊಟ್ಟು, ಸೆರಗು ಕಟ್ಟಿಕೊಂಡು, ಜನರನ್ನು ಸರಿಸಿ ಒಳಗೆ ಓಡಿದಳು.